ಏರಿಯಲ್ ತಂತಿಯೂ ಇಲಿಯ ಹಲ್ಲೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುವುದಿಲ್ಲ. ತೋಟದ ತಲೆಯಲ್ಲಿ ಒಂದು, ಗುಡ್ಡದ ಓರೆಯಲ್ಲಿ ಇನ್ನೊಂದು ಎಂಬಂತೆ ಚೆದರಿರುತ್ತವೆ. ಎಫ್.ಎಂ. ರೇಡಿಯೋ ಅಲೆಗಳಿಗೆ ಗುಡ್ಡ ಅಡ್ಡ ಬರುತ್ತದೆ. ಉಪಗ್ರಹದ ಅಲೆಗಳಿಗೆ ಮರದ ಎಲೆಯೂ ಅಡ್ಡಿಯೇ. ಆದುದರಿಂದ ಏರಿಯಲನ್ನೋ ಡಿಷ್ಷನ್ನೋ ಬಯಲಿನಲ್ಲಿ ಅಥವಾ ಎತ್ತರದಲ್ಲಿ ನಿಲ್ಲಿಸಿ, ಅಲ್ಲಿಂದ ಮನೆಯವರೆಗೆ ಉದ್ದನೆಯ ತಂತಿಯನ್ನು ಎಳೆಯಬೇಕಾಗುತ್ತದೆ. ಈ ತಂತಿ ಹಾದುಹೋಗುವುದು ಇಲಿ, ಹೆಗ್ಗಣ, ಅಳಿಲು, ಕೆಂಜಳಿಲುಗಳ ರಾಜ್ಯದಲ್ಲಿ. ಮುಳ್ಳುಹಂದಿಯೂ ಇದೇ ದಂಶಕ ವರ್ಗದ ಪ್ರಾಣಿ. ಹೆಸರನ್ನು ಕೇಳಿ ಅದನ್ನು ಹಂದಿಯ ನೆಂಟನೆಂದು ಭಾವಿಸಬಾರದು.

ಈ ಪ್ರಾಣಿಗಳ ಬಾಚಿಹಲ್ಲು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತದೆ. ಇಲಿಯ ಹಲ್ಲು ಸವೆಯದೆ ಉಳಿದುದಾದರೆ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಬೆಳೆದೀತು. ಹಲ್ಲಿನ ಮುಂಭಾಗದಲ್ಲಿ ಮಾತ್ರ ಗಡುಸಾದ ಎನಾಮಲ್ ಇರುತ್ತದೆ, ಹಿಂಭಾಗ ಮೆದು. ಮೆದುವಾದುದು ಬೇಗ ಸವೆಯುವುದರಿಂದ ಹಲ್ಲು ಉಳಿಯಂತೆ ತಾನೇ ಹರಿತವಾಗುತ್ತದೆ. ಈ ಎನಾಮಲ್ ತಾಮ್ರಕ್ಕಿಂತಲೂ ಅಲ್ಯೂಮಿನಿಯಮಿಗಿಂತಲೂ ಗಡುಸು. ಹೀಗಿರುವಲ್ಲಿ ಪಾಲಿಥೀನಿನ ಹೊದಿಕೆ ಯಾವ ಲೆಕ್ಕ? ಹಲ್ಲು ಸವೆಸುವುದಕ್ಕಾಗಿಯೇ ಇಲಿ ತಂತಿಯನ್ನು ಕಡಿಯುತ್ತದೆಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಪರಸ್ಪರ ಉಜ್ಜಿಯೇ ಅದು ಅವನ್ನು ಹದದಲ್ಲಿಟ್ಟುಕೊಳ್ಳಬಲ್ಲುದು. ದಾರಿಗೆ ಅಡ್ಡವಾದುದನ್ನು ಕಡಿದು ನೋಡುವುದು ಅದರ ಸ್ವಭಾವ.

ಕಡಿತದ ಗಾಯ ಚಿಕ್ಕದು. ಮಲೆನಾಡಿನ ಮಳೆ ಅದನ್ನು ದೊಡ್ಡದು ಮಾಡುತ್ತದೆ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಕೋಆಕ್ಸಿಯಲ್ ಕೇಬಲಿನೊಳಗಿನ ಹೆಣೆದ ತಂತಿಬಲೆ ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ನೀರನ್ನು ಹೀರಿ ದೂರದವರೆಗೆ ಒಯ್ಯುತ್ತದೆ. ಲೋಹ ಕಿಲುಬುಗಟ್ಟಿ ಸಂಕೇತ ಕ್ಷೀಣಿಸುತ್ತದೆ. ಕಡಿದ ಜಾಗಕ್ಕೆ ಟೇಪು ಸುತ್ತಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ನೀರು ಕುಡಿದ ಭಾಗವನ್ನೆಲ್ಲ ತೆಗೆದುಹಾಕಬೇಕು. ರಸ್ತೆ ಕುಸಿದು, ವಿದ್ಯುತ್ತು ಹೋಗಿ, ಹವಾಮಾನದ ಸುದ್ದಿ ಅತ್ಯವಶ್ಯವಾದ ಆಷಾಢದ ದಿನಗಳಲ್ಲೇ ರೇಡಿಯೋ ಮೂಕವಾಗುವುದಕ್ಕೆ ಇಂಥ ಒಂದು ಕಡಿತ ಸಾಕು.

ಇದಕ್ಕೆ ಹಲವರು ಕೂಡಲೇ ಹುಡುಕುವುದು ಇಲಿಪಾಷಾಣವನ್ನು. ಇದು ಅವಿವೇಕವೆಂದೇ ನನ್ನ ಅಭಿಪ್ರಾಯ. ಬ್ರೋಮಾಡಿಯೊಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಬಳಲಿಕೊಂಡು ಓಡಾಡುತ್ತದೆ. ಅದನ್ನು ಹಿಡಿದು ತಿಂದ ಕಣಜದ ಗೂಬೆಯ ದೇಹಕ್ಕೂ ಆ ವಿಷ ಸೇರುತ್ತದೆ. ನಮಗಾಗಿ ರಾತ್ರಿಯೆಲ್ಲ ಇಲಿ ಹಿಡಿಯುವ ಆಳನ್ನು ನಾವೇ ಕೊಂದಂತಾಯಿತಲ್ಲವೇ? ಇಲಿಯಾದರೋ ಮೂರು ವಾರದ ಗರ್ಭ ಮುಗಿಸಿ ಮತ್ತೆ ಮರಿಹಾಕುತ್ತದೆ. ಕೆಂಜಳಿಲಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಮೆಣಸಿನಪುಡಿಯ ಖಾರ ಇಲಿಗೂ ತಟ್ಟುತ್ತದೆ, ನಿಜ. ಮೊದಲ ಮಳೆಗೆ ಅದು ತೊಳೆದುಹೋಗುತ್ತದೆ. ಸೀಮೆಎಣ್ಣೆ ಬಳಿದರೆ ಇಲಿಗಿಂತ ಮೊದಲು ಹೊದಿಕೆಯೇ ಕೆಟ್ಟೀತು.

ಹಲ್ಲಿಗೆ ತಕ್ಕ ಉತ್ತರ ಉಕ್ಕು. ಮಾಡಿನ ಅಂಚು, ಅಟ್ಟ, ನೆಲದೊಳಗಿನ ಹಾದಿ, ಇಷ್ಟು ಕಡೆಗಳಲ್ಲಾದರೂ ಕೇಬಲನ್ನು ಜಿ.ಐ. ಪೈಪಿನೊಳಗೆ ಹಾಯಿಸಬೇಕು. ಪೈಪಿನ ತುದಿಗಳನ್ನು 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಉಕ್ಕಿನ ಜಾಲರಿಯಿಂದ ಮುಚ್ಚಬೇಕು; ಅದಕ್ಕಿಂತ ದೊಡ್ಡ ಸಂದಿನಲ್ಲಿ ಚುಂಡಿಲಿ ನುಸುಳೀತು. ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಕೋಆಕ್ಸಿಯಲ್ ಕೇಬಲಿನಲ್ಲಿ ಸಂಕೇತದ ಕ್ಷೇತ್ರವು ತಂತಿಬಲೆಯ ಒಳಗೇ ಇರುವುದರಿಂದ ಲೋಹದ ಪೈಪು ಅದನ್ನು ಬಾಧಿಸುವುದಿಲ್ಲ. ಹಳೆಯ ಚಪ್ಪಟೆ ಜೋಡಿತಂತಿಯಲ್ಲಿ ಕ್ಷೇತ್ರ ಹೊರಗೂ ಹರಡಿರುತ್ತದೆ. ಅದನ್ನು ಪೈಪಿನೊಳಗೆ ತುರುಕಿದರೆ ಸಂಕೇತ ಕೆಡುತ್ತದೆ. ಒಂಟಿ ತಂತಿಯ ಏರಿಯಲಾದರೆ, ಇಳಿತಂತಿಯೂ ಅಲೆಗಳನ್ನು ಹಿಡಿಯುತ್ತಿರುವುದರಿಂದ, ಅದನ್ನು ಪಿಂಗಾಣಿಯ ನಿರೋಧಕಗಳ ಮೇಲೆ ಗೋಡೆಯಿಂದ ದೂರ ನಿಲ್ಲಿಸುವುದೇ ಸರಿ.

ಇದಕ್ಕೆ ಹಣ ಬೇಕೆಂಬ ಆಕ್ಷೇಪಣೆ ಬರುವುದು ಸಹಜ. ಆದರೆ ಮಾಡಿಗೆ ತಾಗಿದ ಕೊಂಬೆಯನ್ನು ಸವರುವುದಕ್ಕೆ ಕತ್ತಿಯೊಂದೇ ಸಾಕು. ಅಳಿಲಿನ ಸೇತುವೆ ಅಲ್ಲಿಗೆ ಕಡಿದುಹೋಗುತ್ತದೆ. ಡಿಷ್ ಕೂರಿಸುವವರು ಕೇಬಲನ್ನು ಹೆಂಚಿನ ಮೇಲೆ ಬರಿದೇ ಎಳೆದು ಹೋಗುವ ರೂಢಿಯನ್ನು ಗ್ರಾಹಕರು ಒಪ್ಪಿಕೊಳ್ಳಬಾರದು. ಪೈಪಿನ ಬೆಲೆಯನ್ನು ಮೊದಲೇ ಕೇಳಿ, ಕೆಲಸದೊಡನೆ ಸೇರಿಸಿ ಮಾಡಿಸಿಕೊಳ್ಳಬೇಕು. ಪೈಪನ್ನು ಭೂಮಿಗೆ ಜೋಡಿಸುವುದನ್ನೂ ಮರೆಯಬಾರದು. ಸಿಡಿಲಿನ ಹೊತ್ತಿನಲ್ಲಿ ಅದೊಂದನ್ನೇ ನಂಬದೆ, ಗುಡುಗು ಆರಂಭವಾಗುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಳಚಿಡಬೇಕು.