ಸ್ಲೀಪ್ 10: ಆ ಹತ್ತು ಎಲ್ಲಿಂದ ಬಂತು?

ನಮ್ಮ ಕ್ಲಾಸ್‌ಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡೋ ಶೆಲ್ ಸ್ಕ್ರಿಪ್ಟ್‌ಗಳನ್ನ ಒಮ್ಮೆ ತೆಗೆದು ನೋಡಿ. ಡೇಟಾಬೇಸ್ ಸ್ಟಾರ್ಟ್ ಮಾಡೋ ಒಂದು ಸಾಲು, ಅದರ ಕೆಳಗೆ ಸ್ಲೀಪ್ 10, ಅದರ ಕೆಳಗೆ ಪ್ರೋಗ್ರಾಂ. ಈ ಹತ್ತು ಎಲ್ಲಿಂದ ಬಂತು ಅಂತ ಕೇಳಿದರೆ ಸಿಗೋ ಉತ್ತರ, "ಐದು ಹಾಕಿದ್ರೆ ಎರರ್ ಬರ್ತಿತ್ತು" ಅಂತ. ಇದು ಕಾರಣ ಅಲ್ಲ, ಅಂದಾಜು. ಇನ್ನೊಂದು ಕೆಲಸ ಮುಗಿಯಲಿ ಅಂತ ಕಾಯೋಕೆ ಸ್ಲೀಪ್ ಬಳಸೋದನ್ನ ನಾವು ಬಿಡಬೇಕು ಅನ್ನೋದು ನಮ್ಮ ವಾದ.

ಮೊದಲೇ ಹೇಳಿಬಿಡ್ತೀವಿ, ಸ್ಲೀಪ್ ಕೆಟ್ಟ ಕಮಾಂಡ್ ಅಲ್ಲ. ಅದು ಮಲಗಿರುವಾಗ ಸಿಪಿಯು ಮೇಲೆ ಭಾರ ಬೀಳಲ್ಲ. ಖಾಲಿ ಲೂಪ್ ತಿರುಗಿಸಿ ಕಾಯೋದಕ್ಕಿಂತ ಸಾವಿರ ಪಾಲು ವಾಸಿ. ಲಿನಕ್ಸ್‌ನಲ್ಲಿ 0.5 ಅಂತ ಅರ್ಧ ಸೆಕೆಂಡ್ ಕೂಡ ಕೊಡಬಹುದು. ಆದರೆ ಅದಕ್ಕೆ ಗೊತ್ತಿರೋದು ಎಷ್ಟು ಹೊತ್ತು ಕಳೀತು ಅನ್ನೋದು ಮಾತ್ರ. ನಮಗೆ ಬೇಕಿರೋದು ಡೇಟಾಬೇಸ್ ರೆಡಿ ಆಯ್ತಾ ಅನ್ನೋದು. ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಮನೇಲಿ ಯಾರೂ ಬರೀ ಗಡಿಯಾರ ನೋಡಲ್ಲ, ಒಂದು ಅಗುಳು ಹಿಸುಕಿ ನೋಡ್ತಾರೆ.

ಅಂದಾಜು ಎರಡು ಕಡೆಯಿಂದಲೂ ಕೈ ಕೊಡುತ್ತೆ. ಎಸ್‌ಎಸ್‌ಡಿ ಇರೋ ಲ್ಯಾಪ್‌ಟಾಪ್‌ನಲ್ಲಿ ಮೂರು ಸೆಕೆಂಡ್‌ಗೆ ಎದ್ದೇಳೋ ಡೇಟಾಬೇಸ್, ಲ್ಯಾಬ್‌ನ ಹಳೇ ಹಾರ್ಡ್ ಡಿಸ್ಕ್ ಮೇಲೆ ಹದಿನೈದು ತಗೊಳ್ಳಬಹುದು. ಆಗ ಎಕ್ಸಾಮಿನರ್ ಮುಂದೆಯೇ ಡೆಮೊ ಕನೆಕ್ಷನ್ ರೆಫ್ಯೂಸ್ಡ್ ಅಂತ ನಿಲ್ಲುತ್ತೆ. ಅದಕ್ಕೆ ಹೆದರಿ ಮೂವತ್ತು ಹಾಕಿದರೆ, ಹನ್ನೆರಡು ಟೆಸ್ಟ್ ಇರೋ ಪ್ರಾಜೆಕ್ಟ್‌ನಲ್ಲಿ ಪ್ರತಿ ಸಲ ಆರು ನಿಮಿಷ ಸುಮ್ಮನೆ ಕೂರಬೇಕು. ಇದಕ್ಕಿಂತ ಕಷ್ಟದ್ದು ಮೂರನೇದು: ಒಮ್ಮೆ ಓಡುತ್ತೆ, ಒಮ್ಮೆ ಓಡಲ್ಲ. ಆಗ ಇಡೀ ಟೀಮ್ ತಪ್ಪಿಲ್ಲದ ಕೋಡ್‌ನಲ್ಲಿ ರಾತ್ರಿಯಿಡೀ ತಪ್ಪು ಹುಡುಕುತ್ತೆ.

ಹಾಗಾದರೆ ಏನು ಮಾಡೋದು? ಕೆಲಸವನ್ನ ನಮ್ಮ ಸ್ಕ್ರಿಪ್ಟೇ & ಹಾಕಿ ಹಿನ್ನೆಲೆಗೆ ಕಳಿಸಿದ್ದರೆ, ಅದಕ್ಕೆ ವೇಟ್ ಅನ್ನೋ ಕಮಾಂಡ್ ಇದೆ. ಪ್ರೋಸೆಸ್ ಐಡಿ ಕೊಟ್ಟರೆ ಅದು ಮುಗಿಯೋವರೆಗೆ ಕಾಯುತ್ತೆ, ಒಂದು ಸೆಕೆಂಡ್ ಹೆಚ್ಚೂ ಇಲ್ಲ. ಅದರ ಎಕ್ಸಿಟ್ ಸ್ಟೇಟಸ್ ಕೂಡ ತಂದುಕೊಡುತ್ತೆ, ಅಂದರೆ ಕೆಲಸ ಗೆದ್ದಿತಾ ಸೋತಿತಾ ಅಂತ ಗೊತ್ತಾಗುತ್ತೆ. ಇದನ್ನ ಸ್ಲೀಪ್ ಯಾವತ್ತೂ ಹೇಳಲ್ಲ.

ಡೇಟಾಬೇಸ್‌ನಂಥ ಸರ್ವರ್ ಮುಗಿಯೋದೇ ಇಲ್ಲ, ಹಾಗಾಗಿ ವೇಟ್ ಅಲ್ಲಿ ನಡೆಯಲ್ಲ. ಅಲ್ಲಿ ಕೇಳಬೇಕು. ಪೋಸ್ಟ್‌ಗ್ರೆಸ್ ಜೊತೆಗೇ ಪಿಜಿ_ಇಸ್‌ರೆಡಿ ಅನ್ನೋ ಚಿಕ್ಕ ಪ್ರೋಗ್ರಾಂ ಬರುತ್ತೆ. ಸರ್ವರ್ ಕನೆಕ್ಷನ್ ತಗೊಳ್ಳೋಕೆ ಸಿದ್ಧ ಇದ್ದರೆ ಅದು ಸೊನ್ನೆ ಹಿಂತಿರುಗಿಸುತ್ತೆ. ಅದನ್ನ ಅಂಟಿಲ್ ಲೂಪ್‌ನಲ್ಲಿಟ್ಟು, ಲೂಪ್ ಒಳಗೆ ಸ್ಲೀಪ್ 1 ಹಾಕಿ. ಹೌದು, ಇಲ್ಲಿ ಸ್ಲೀಪ್ ಇರಲೇಬೇಕು. ಇಲ್ಲಿ ಅದು ಉತ್ತರ ಅಲ್ಲ, ಎರಡು ಪ್ರಶ್ನೆಗಳ ನಡುವಿನ ಬಿಡುವು. ಜೊತೆಗೆ ಒಂದು ಎಣಿಕೆ ಇಡಿ. ಮೂವತ್ತು ಸಲ ಕೇಳಿದರೂ ರೆಡಿ ಇಲ್ಲ ಅಂದರೆ ಸ್ಪಷ್ಟವಾಗಿ ಎರರ್ ಪ್ರಿಂಟ್ ಮಾಡಿ, ಎಕ್ಸಿಟ್ 1 ಅಂತ ಹೊರಗೆ ಬನ್ನಿ. ಇಲ್ಲದಿದ್ದರೆ ಡೇಟಾಬೇಸ್ ಏಳದೇ ಹೋದ ದಿನ ಸ್ಕ್ರಿಪ್ಟ್ ಕೇಳ್ತಾನೇ ಇರುತ್ತೆ.

"ಒಂದು ಸಾಲಿನಲ್ಲಿ ಆಗೋದಕ್ಕೆ ಎಂಟು ಸಾಲು ಯಾಕೆ ಗುರು?" ಅಂತ ಕೇಳೋರಿದ್ದಾರೆ. ನಿಮ್ಮ ಮೆಷಿನ್‌ನಲ್ಲಿ ಒಂದೇ ಸಲ ಓಡಿಸಿ ಬಿಸಾಡೋ ಸ್ಕ್ರಿಪ್ಟ್ ಆದರೆ ಅವರ ಮಾತು ಸರಿ, ಸ್ಲೀಪ್ ಹಾಕಿ ಮುಗಿಸಿ. ಆದರೆ ಗ್ರೂಪ್ ಪ್ರಾಜೆಕ್ಟ್ ಅಂದರೆ ನಾಲ್ಕು ಜನ, ನಾಲ್ಕು ಲ್ಯಾಪ್‌ಟಾಪ್, ಜೊತೆಗೆ ಲ್ಯಾಬ್ ಮೆಷಿನ್. ಒಬ್ಬರ ಅಂದಾಜಿಗೆ ನಾಲ್ವರ ಮಾರ್ಕ್ಸ್ ಕಟ್ ಆಗೋದು ನ್ಯಾಯ ಅಲ್ಲ.

ಅದಕ್ಕೇ ನಮ್ಮದೊಂದು ಸಣ್ಣ ಸಲಹೆ. ಪ್ರಾಜೆಕ್ಟ್‌ನಲ್ಲಿ ಯಾರೇ ಸ್ಲೀಪ್ ಬರೆದರೂ, ಪಕ್ಕದಲ್ಲಿ ಯಾವುದಕ್ಕಾಗಿ ಕಾಯ್ತಿದ್ದೀವಿ ಅಂತ ಒಂದು ಕಾಮೆಂಟ್ ಬರೀಲಿ. ಅದನ್ನ ಬರೆಯೋಕೆ ಬಂದರೆ, ಹೆಚ್ಚಿನ ಸಲ ಅದನ್ನೇ ಚೆಕ್ ಮಾಡೋ ಕಮಾಂಡ್ ಬರೆಯೋಕೂ ಬರುತ್ತೆ.