ಬಾನೆಟ್ ಮೇಲಿನ ಬಾವುಟ

ಹಾಸ್ಟೆಲ್‌ನಲ್ಲಿ ಕ್ರಿಕೆಟ್ ಬಿಟ್ಟರೆ ಅತಿ ಹೆಚ್ಚು ಗಂಟಲು ಹರಿದುಕೊಳ್ಳೋ ವಿಷಯ ಅಂದ್ರೆ ಕಾರು. ಮೆಕ್ಯಾನಿಕಲ್ ಹುಡುಗರಲ್ಲಂತೂ ಎರಡು ಪಕ್ಷ ಗಟ್ಟಿಯಾಗಿ ನಿಂತಿವೆ: ಮಸ್ಟಾಂಗ್ ಪಕ್ಷ ಮತ್ತು ಬಿಎಂಡಬ್ಲ್ಯೂ ಪಕ್ಷ. "ಅಮೆರಿಕನ್ ಕಾರು ನೇರ ರಸ್ತೆಗೆ ಮಾತ್ರ ಗುರು, ತಿರುವು ಬಂದ್ರೆ ದೇವರೇ ಗತಿ" ಅಂತ ಇವರು. "ನಿಮ್ಮ ಜರ್ಮನ್ ಕಾರಿಗೆ ವಾರಂಟಿ ಮುಗಿದ ಮಾರನೇ ದಿನ ಅಪ್ಪನ ಸೈಟು ಮಾರಬೇಕು" ಅಂತ ಅವರು. ಇಬ್ಬರ ಹತ್ರಾನೂ ಎರಡರಲ್ಲಿ ಒಂದು ಕಾರೂ ಇಲ್ಲ, ಇರೋದು ಅಣ್ಣ ಬಿಟ್ಟುಕೊಟ್ಟ ಹಳೇ ಪಲ್ಸರ್ ಅನ್ನೋದು ಬೇರೆ ಮಾತು.

ಜಗಳ ಇರಲಿ, ಮೆಸ್ ಊಟ ಜೀರ್ಣ ಆಗೋಕೆ ಏನಾದ್ರೂ ಬೇಕಲ್ಲ. ನನ್ನ ತಕರಾರು ಬೇರೆ. ಐದು ನಿಮಿಷದಲ್ಲಿ ಮಾತು ಕಾರು ಬಿಟ್ಟು ದೇಶಕ್ಕೆ ಬಂದು ನಿಲ್ಲುತ್ತೆ. ಜರ್ಮನ್ನರ ರಕ್ತದಲ್ಲೇ ಇಂಜಿನಿಯರಿಂಗ್ ಇದೆಯಂತೆ, ಇಟಾಲಿಯನ್ನರಿಗೆ ಕಾರು ಅಂದ್ರೆ ಪ್ರೇಮವಂತೆ, ಅಮೆರಿಕನ್ನರಿಗೆ ಏನೇ ಆದರೂ ದೊಡ್ಡದಾಗಿರಬೇಕಂತೆ. ಕಾರು ಯಾಕೆ ಹಾಗಿದೆ ಅಂತ ಕೇಳಿದಾಗ "ಆ ದೇಶದವರೇ ಹಾಗೆ" ಅನ್ನೋದು ಉತ್ತರ ಅಲ್ಲ, ಉತ್ತರ ಹುಡುಕೋ ಸೋಮಾರಿತನ. ಕಾರಿನ ಆಕಾರ ನಿರ್ಧಾರ ಆಗೋದು ಬಹುಮಟ್ಟಿಗೆ ತೆರಿಗೆ ಪಟ್ಟಿಯಲ್ಲಿ, ಪೆಟ್ರೋಲ್ ಬೆಲೆಯಲ್ಲಿ, ನಿಯಮದ ಪುಸ್ತಕದಲ್ಲಿ.

ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟೋರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪೆಟ್ರೋಲ್ ಇಂಜಿನ್ನಿಗೆ ಹೋಗೋ ಅಷ್ಟೂ ಗಾಳಿ 20 ಮಿಲಿಮೀಟರ್ ವ್ಯಾಸದ ರೆಸ್ಟ್ರಿಕ್ಟರ್ ಮೂಲಕವೇ ಹೋಗಬೇಕು ಅಂತ ನಿಯಮ. ಆ ಒಂದು ತೂತಿನಿಂದಾಗಿ ಇಂಟೇಕ್ ಉದ್ದ, ಪ್ಲೀನಮ್ ಗಾತ್ರ, ಕ್ಯಾಮ್ ಟೈಮಿಂಗ್ ಎಲ್ಲಾ ಬದಲಾಗುತ್ತೆ. ಜಗತ್ತಿನ ಯಾವ ಮೂಲೆಯ ಕಾಲೇಜಿನ ಕಾರು ನೋಡಿದರೂ ಹಿಂದುಗಡೆ ಅದೇ ದೊಡ್ಡ ಡಬ್ಬ. ಹಾಗಂತ "ಕನ್ನಡಿಗರ ರಕ್ತದಲ್ಲೇ ಪ್ಲೀನಮ್ ಪ್ರೇಮ ಇದೆ" ಅಂತ ಯಾರಾದ್ರೂ ಹೇಳ್ತಾರಾ?

ಎರಡೂ ಪಕ್ಷಗಳಿಗೆ ಪುರಾಣ ಅಂದ್ರೆ 'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾ. 1963ರಲ್ಲಿ ಫೆರಾರಿಯನ್ನು ಕೊಳ್ಳೋಕೆ ಫೋರ್ಡ್ ಹೋದದ್ದು, ಕೊನೇ ಗಳಿಗೆಯಲ್ಲಿ ಎಂಜೋ ಫೆರಾರಿ ಒಲ್ಲೆ ಅಂದದ್ದು, ಆ ಸಿಟ್ಟಿಗೆ 1966ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಫೋರ್ಡ್ ಜಿಟಿ40 ಕಾರುಗಳು ಮೊದಲ ಮೂರೂ ಸ್ಥಾನ ಬಾಚಿಕೊಂಡದ್ದು, ಎಲ್ಲ ನಿಜ. ಆದರೆ ಅದು ಅಮೆರಿಕ ಯುರೋಪನ್ನು ಸೋಲಿಸಿದ ಕಥೆಯಾ? ಜಿಟಿ40 ರೂಪ ಪಡೆದದ್ದು ಇಂಗ್ಲೆಂಡಿನ ಸ್ಲೌ ಎಂಬ ಊರಿನಲ್ಲಿ, ಎರಿಕ್ ಬ್ರಾಡ್ಲಿ ಎಂಬ ಇಂಗ್ಲಿಷಿನವನ ಲೋಲಾ ಕಾರನ್ನು ಆಧಾರವಾಗಿಟ್ಟುಕೊಂಡು. ಆ ವರ್ಷ ಗೆದ್ದ ಕಾರಿನ ಇಬ್ಬರು ಚಾಲಕರು, ಬ್ರೂಸ್ ಮೆಕ್‌ಲಾರೆನ್ ಮತ್ತು ಕ್ರಿಸ್ ಏಮನ್, ನ್ಯೂಜಿಲೆಂಡಿನವರು. ಸಿನಿಮಾದ ಹೀರೋ ಕೆನ್ ಮೈಲ್ಸ್ ಹುಟ್ಟಿನಿಂದ ಬ್ರಿಟಿಷ್. ಅಮೆರಿಕದಿಂದ ಬಂದದ್ದು ದುಡ್ಡು, ಏಳು ಲೀಟರಿನ ಇಂಜಿನ್, ಕ್ಯಾರೊಲ್ ಶೆಲ್ಬಿಯ ಹಟ. ಸಣ್ಣ ಕಾಣಿಕೆಯಲ್ಲ, ಒಪ್ಪಿದೆ. ಆದರೆ ಬಾವುಟ ನೆಟ್ಟಷ್ಟು ಸುಲಭವಾಗಿ ಕಾರು ಒಂದು ದೇಶದ್ದಾಗಲಿಲ್ಲ.

ಹಾಗಾದ್ರೆ ಯುರೋಪಿನ ಇಂಜಿನ್ ಚಿಕ್ಕದು, ಅಮೆರಿಕದ್ದು ದೊಡ್ಡದು ಆದದ್ದು ಹೇಗೆ? ಇಲ್ಲಿ ಕ್ಯಾಲ್ಕುಲೇಟರ್ ತೆಗೀರಿ.

1920ರ ದಶಕದ ಬ್ರಿಟನ್ನಿನಲ್ಲಿ ಕಾರಿಗೆ ವಾರ್ಷಿಕ ತೆರಿಗೆ ಒಂದು ಹಾರ್ಸ್‌ಪವರಿಗೆ ಒಂದು ಪೌಂಡ್. ಆದರೆ ಅದು ಡೈನಮೋಮೀಟರ್ ಮೇಲೆ ಅಳೆದ ಹಾರ್ಸ್‌ಪವರ್ ಅಲ್ಲ, ಕಾಗದದ ಮೇಲಿನದು. ಬೋರ್ ಎಷ್ಟು ಇಂಚೋ ಅದರ ವರ್ಗ ತಗೊಳ್ಳಿ, ಸಿಲಿಂಡರ್‌ಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿ. ಮುಗೀತು. ಸ್ಟ್ರೋಕ್ ಲೆಕ್ಕಕ್ಕೇ ಇಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನ ಬೋರ್ 3.75 ಇಂಚು, ನಾಲ್ಕು ಸಿಲಿಂಡರ್: ಉತ್ತರ 22.5. ಪಾಪ, ಆ ಇಂಜಿನ್ ನಿಜವಾಗಿ ಕೊಡ್ತಾ ಇದ್ದದ್ದೇ ಸುಮಾರು 20. ಇಲ್ಲದ ಕುದುರೆಗೂ ಹುಲ್ಲಿನ ದುಡ್ಡು ಕಟ್ಟಬೇಕಿತ್ತು! 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಕಾರಿನ ಬೋರ್ ಸುಮಾರು 2.2 ಇಂಚು. ಅದಕ್ಕೆ ಉತ್ತರ ಎಂಟರೊಳಗೆ. ಗುಮಾಸ್ತನ ಸಂಬಳದವನು ಯಾವುದನ್ನು ಕೊಳ್ತಾನೆ ಹೇಳಿ.

ಬೋರಿಗೆ ಮಾತ್ರ ತೆರಿಗೆ ಅಂದ ಮೇಲೆ ಡಿಸೈನರ್ ಏನು ಮಾಡ್ತಾನೆ? ಬೋರ್ ಕಿರಿದು ಮಾಡಿ ಸ್ಟ್ರೋಕ್ ಉದ್ದ ಮಾಡ್ತಾನೆ. ಬ್ರಿಟನ್ನಿನ ಒಂದು ತಲೆಮಾರಿನ ಇಂಜಿನ್‌ಗಳು ಹಾಗೇ ಬಂದವು, ಬಡಕಲಾಗಿ, ಎತ್ತರವಾಗಿ. ಸ್ಟ್ರೋಕ್ ಉದ್ದ ಆದರೆ ಅದೇ ಆರ್‌ಪಿಎಮ್‌ನಲ್ಲಿ ಪಿಸ್ಟನ್ ವೇಗ ಏರುತ್ತೆ, ಆದ್ದರಿಂದ ಇಂಜಿನ್ನನ್ನು ಹೆಚ್ಚು ತಿರುಗಿಸೋ ಹಾಗಿಲ್ಲ. ಕಿರಿದಾದ ಬೋರಿನಲ್ಲಿ ದೊಡ್ಡ ವಾಲ್ವ್‌ಗೆ ಜಾಗಾನೂ ಇಲ್ಲ. ಎರಡನೇ ಮಹಾಯುದ್ಧ ಮುಗಿದು, 1940ರ ದಶಕದ ಕೊನೆಗೆ ಈ ತೆರಿಗೆ ಹೋಗೋವರೆಗೂ ಅಲ್ಲಿನ ಇಂಜಿನಿಯರುಗಳು ಗುಮಾಸ್ತರ ಸೂತ್ರಕ್ಕೆ ತಕ್ಕ ಹಾಗೆ ಇಂಜಿನ್ ಬರೆದರು.

ಇದೇ ಆಸ್ಟಿನ್ ಸೆವೆನ್ನಿನ ವಂಶಾವಳಿ ನನಗೆ ತುಂಬಾ ಇಷ್ಟ. ಜರ್ಮನಿಯ ಐಸೆನಾಖ್‌ನಲ್ಲಿ ಒಂದು ಕಂಪನಿ ಲೈಸೆನ್ಸ್ ತಗೊಂಡು ಇದನ್ನು 'ಡಿಕ್ಸಿ' ಅಂತ ತಯಾರಿಸುತ್ತಿತ್ತು. 1928ರಲ್ಲಿ ಆ ಕಾರ್ಖಾನೆಯನ್ನು ಒಂದು ವಿಮಾನ ಇಂಜಿನ್ ಮತ್ತು ಬೈಕ್ ಕಂಪನಿ ಕೊಂಡಿತು. ಅದರ ಹೆಸರು ಬಿಎಂಡಬ್ಲ್ಯೂ. ಅಂದರೆ 'ಶುದ್ಧ ಜರ್ಮನ್ ಇಂಜಿನಿಯರಿಂಗ್' ಮನೆತನದ ಮೊದಲ ಕಾರು ಇಂಗ್ಲಿಷರ ಕೂಸು. ಇನ್ನೊಂದು ಕವಲು ಅಟ್ಲಾಂಟಿಕ್ ದಾಟಿತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನಲ್ಲಿ 1930ರ ಸುಮಾರಿಗೆ 'ಅಮೆರಿಕನ್ ಆಸ್ಟಿನ್' ಅಂತ ಶುರುವಾಗಿ, ನೆಲಕಚ್ಚಿ, ಮತ್ತೆ 'ಅಮೆರಿಕನ್ ಬ್ಯಾಂಟಮ್' ಅಂತ ಎದ್ದಿತು. 1940ರಲ್ಲಿ ಅಮೆರಿಕದ ಸೇನೆ ಒಂದು ಪುಟ್ಟ ಗಾಡಿ ಬೇಕು ಅಂದಾಗ ಮೊದಲ ಮಾದರಿ ಕಟ್ಟಿ ಕೊಟ್ಟದ್ದು ಈ ಬ್ಯಾಂಟಮ್. ಆ ಗಾಡಿಯೇ ಮುಂದೆ ಜೀಪ್ ಆಯಿತು. ಇವತ್ತು ಜೀಪ್ ಬ್ರ್ಯಾಂಡ್ ಇರೋದು ಸ್ಟೆಲ್ಲಾಂಟಿಸ್ ಕೈಯಲ್ಲಿ, ಅದರ ಮುಖ್ಯ ಕಚೇರಿ ನೆದರ್‌ಲೆಂಡ್ಸ್‌ನಲ್ಲಿ. ಮೆಸ್‌ನಲ್ಲಿ ಕಿತ್ತಾಡೋ ಎರಡೂ ಪಕ್ಷಗಳ ಅಜ್ಜಿ ಮನೆ ಒಂದೇ.

ಅಮೆರಿಕದ ಕಡೆ ಬರೋಣ. ಅಗ್ಗದ ಪೆಟ್ರೋಲ್, ಉದ್ದನೆಯ ರಸ್ತೆ, ಬೋರಿಗೆ ಅಂಥ ತೆರಿಗೆ ಇಲ್ಲ; ಇಂಜಿನ್ ದೊಡ್ಡದಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಇವತ್ತು ಅಲ್ಲಿ ಮನೆಮನೆಗೆ ಪಿಕಪ್ ಮತ್ತು ಎಸ್‌ಯುವಿ ಇರೋದಕ್ಕೆ ಹಿಂದೆ ಬೇರೆ ಎರಡು ಕಾಗದಗಳಿವೆ. ಒಂದು 1975ರ ಇಂಧನ ಕಾನೂನು. ಅದರಡಿ ಕಾರಿಗೆ ಒಂದು ಮೈಲೇಜ್ ಗುರಿ, 'ಲೈಟ್ ಟ್ರಕ್'ಗೆ ಇನ್ನೂ ಸಡಿಲ ಗುರಿ ಬಂತು. ಕಂಪನಿಗಳು ಸುಮ್ಮನಿರ್ತಾವಾ? ಮಕ್ಕಳನ್ನು ಸ್ಕೂಲಿಗೆ ಬಿಡೋ ಗಾಡಿಗಳೂ ಟ್ರಕ್ ಪಟ್ಟಿಗೆ ಸೇರಿದವು. ಕ್ರೈಸ್ಲರ್‌ನ ಪಿಟಿ ಕ್ರೂಸರ್ ಅನ್ನೋ ಪುಟ್ಟ ಹ್ಯಾಚ್‌ಬ್ಯಾಕ್ ಕೂಡ ಆ ಲೆಕ್ಕದಲ್ಲಿ ಟ್ರಕ್ಕೇ!

ಇನ್ನೊಂದು ಕಾಗದ ಕೋಳಿಯದ್ದು. ತಮಾಷೆ ಅಲ್ಲ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಮಾಂಸ ಯುರೋಪಿಗೆ ನುಗ್ಗಿತು, ಯುರೋಪಿನವರು ಸುಂಕ ಏರಿಸಿದರು. ಸೇಡಿಗೆ ಅಮೆರಿಕ 1964ರಿಂದ ಬ್ರಾಂಡಿ, ಆಲೂಗಡ್ಡೆ ಪಿಷ್ಟ ಇತ್ಯಾದಿಗಳ ಜೊತೆ ಲೈಟ್ ಟ್ರಕ್ ಮೇಲೂ 25 ಶೇಕಡಾ ಸುಂಕ ಹಾಕಿತು. ಏಟು ಬಿದ್ದದ್ದು ಫೋಕ್ಸ್‌ವ್ಯಾಗನ್ ವ್ಯಾನಿಗೆ. ಕೋಳಿ ಜಗಳ ಎಲ್ಲರೂ ಮರೆತರು, ಟ್ರಕ್ ಸುಂಕ ಮಾತ್ರ ಅರವತ್ತು ವರ್ಷ ದಾಟಿ ಉಳಿಯಿತು. ಹೊರಗಿನವರ ಕಾಟ ಇಲ್ಲದ ಆ ಬೇಲಿಯೊಳಗೆ ಡೆಟ್ರಾಯಿಟ್ ಹಾಯಾಗಿ ಪಿಕಪ್ ಮೇಯಿಸಿತು. ಇದರಲ್ಲಿ ಮಜಾ ಏನು ಗೊತ್ತಾ, ಕೊನೆಗೆ ಸಿಕ್ಕಿಬಿದ್ದದ್ದು ಫೋರ್ಡೇ. ಟರ್ಕಿಯಲ್ಲಿ ತಯಾರಾದ ಟ್ರಾನ್ಸಿಟ್ ಕನೆಕ್ಟ್ ಸರಕು ವ್ಯಾನಿಗೆ ಹಿಂದಿನ ಸೀಟು ಹಾಕಿ 'ಪ್ಯಾಸೆಂಜರ್ ಗಾಡಿ' ಅಂತ ಹಡಗಿನಲ್ಲಿ ತಂದು, ಬಾಲ್ಟಿಮೋರ್ ಬಂದರಿನಲ್ಲಿ ಆ ಸೀಟು ಕಿತ್ತು ಹಾಕ್ತಾ ಇದ್ದರು. 25ರ ಬದಲು 2.5 ಶೇಕಡಾ ಸುಂಕ ಕಟ್ಟೋಕೆ. ಕೇಸು ವರ್ಷಗಟ್ಟಲೆ ನಡೆದು 2024ರಲ್ಲಿ ಫೋರ್ಡ್ 365 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈಗ ಬಿಎಂಡಬ್ಲ್ಯೂ ಪಕ್ಷದ ಬ್ರಹ್ಮಾಸ್ತ್ರ: "ಲೀಟರಿಗೆ ಎಷ್ಟು ಎಚ್‌ಪಿ?" ಅಮೆರಿಕನ್ನರು ಏಳು ಲೀಟರಿನಲ್ಲಿ ಹಿಂಡಿದ್ದನ್ನು ನಾವು ಐದರಲ್ಲಿ ಹಿಂಡ್ತೀವಿ ಅಂತ. ನಿಮ್ಮ ಇಂಜಿನ್ನಿನ ಲೀಟರಿಗೆ ಸರ್ಕಾರ ತೆರಿಗೆ ಹಾಕಿದ್ರೆ ಇದು ದೊಡ್ಡ ಸಾಧನೆಯೇ. ಇಟಲಿಯಲ್ಲಿ ಎರಡು ಲೀಟರ್ ದಾಟಿದರೆ ತೆರಿಗೆ ಜಿಗಿಯುತ್ತಿತ್ತು ಅಂತ ಫೆರಾರಿಯೇ 1975ರಲ್ಲಿ ಎರಡು ಲೀಟರಿನೊಳಗೆ ಎಂಟು ಸಿಲಿಂಡರ್ ತುರುಕಿ '208' ಮಾಡಿತು. ತೆರಿಗೆ ಇಲ್ಲದಿದ್ದರೆ? ಆಗ ಇಂಜಿನಿಯರ್ ಕೇಳಬೇಕಾದದ್ದು ಬೇರೆ: ಇಂಜಿನ್ ಎಷ್ಟು ತೂಗುತ್ತೆ, ಎಷ್ಟು ಜಾಗ ತಿನ್ನುತ್ತೆ, ಎಷ್ಟು ಪೆಟ್ರೋಲ್ ಕುಡಿಯುತ್ತೆ, ಬೆಲೆ ಎಷ್ಟು.

2006ರ ಕಾರ್ವೆಟ್ ಜೆಡ್06 ಮತ್ತು ಅದೇ ಕಾಲದ ಬಿಎಂಡಬ್ಲ್ಯೂ ಎಂ5 ಪಕ್ಕಪಕ್ಕ ಇಡಿ. ಕಾರ್ವೆಟ್ಟಿನದು ಏಳು ಲೀಟರ್, ವಿ8, ಒಂದೇ ಕ್ಯಾಮ್‌ಶಾಫ್ಟ್, ಪುಶ್‌ರಾಡ್, 16 ವಾಲ್ವ್. ಎಂ5ನದು ಐದು ಲೀಟರ್, ವಿ10, ನಾಲ್ಕು ಕ್ಯಾಮ್‌ಶಾಫ್ಟ್, 40 ವಾಲ್ವ್. ಎರಡೂ 500 ಚಿಲ್ಲರೆ ಎಚ್‌ಪಿ. ಪುಶ್‌ರಾಡ್ ಅಂದ್ರೆ ಅಜ್ಜನ ಕಾಲದ್ದು ಅಂತ ನಗ್ತೀರಲ್ಲ, ಅದರಲ್ಲಿ ಕ್ಯಾಮ್ ಇರೋದು ವಿ ಸಂದಿನಲ್ಲಿ, ಕೆಳಗೆ. ಹೆಡ್ ಮೇಲೆ ಎರಡೆರಡು ಕ್ಯಾಮ್ ಹೊರೋ ಕಷ್ಟ ಇಲ್ಲ. ಹಾಗಾಗಿ ಲೀಟರ್ ಜಾಸ್ತಿಯಾದರೂ ಹೊರಗಿನ ಗಾತ್ರ ಚಿಕ್ಕದು, ತೂಕವೂ ಕಡಿಮೆ. ಎಂ5 ಇಂಜಿನ್ ಎಂಟು ಸಾವಿರ ಆರ್‌ಪಿಎಮ್ ದಾಟಿ ಕೂಗೋದನ್ನು ಕೇಳಿ ಮನಸ್ಸು ಕರಗದವನು ಬ್ರಾಂಚ್ ಬದಲಾಯಿಸಬಹುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೂಗಿನ ಬೆಲೆ ಹತ್ತು ಸಿಲಿಂಡರ್, ನಾಲ್ಕು ಕ್ಯಾಮ್. ಎರಡೂ ಒಳ್ಳೆಯ ಉತ್ತರಗಳೇ. ಪ್ರಶ್ನೆ ಮಾತ್ರ ಒಂದೇ ಅಲ್ಲ.

ಇಷ್ಟರವರೆಗೆ ನಗಬಹುದು. ನಗು ನಿಲ್ಲೋದು 2015ರ ಸೆಪ್ಟೆಂಬರ್‌ನಲ್ಲಿ. ಯುರೋಪಿನಲ್ಲಿ ಡೀಸೆಲ್ ಕಾರು ಹೆಚ್ಚಿದ್ದಕ್ಕೂ ತೆರಿಗೆಯೇ ದೊಡ್ಡ ಕಾರಣ, ಅಲ್ಲಿನ ಬಹಳಷ್ಟು ದೇಶಗಳಲ್ಲಿ ಡೀಸೆಲ್ ಮೇಲೆ ಪೆಟ್ರೋಲಿಗಿಂತ ಕಡಿಮೆ ತೆರಿಗೆ ಇತ್ತು. ಅದೇ ಡೀಸೆಲ್ಲನ್ನು ಅಮೆರಿಕದಲ್ಲಿ 'ಕ್ಲೀನ್' ಅಂತ ಮಾರೋಕೆ ಫೋಕ್ಸ್‌ವ್ಯಾಗನ್ ಹೋಯಿತು. ಯುರೋ 5 ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 0.18 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಅಮೆರಿಕದ ಮಿತಿ ಮೈಲಿಗೆ 0.07 ಗ್ರಾಂ, ಅಂದರೆ ಕಿಲೋಮೀಟರಿಗೆ 0.043ರ ಆಸುಪಾಸು. ನಾಲ್ಕರಲ್ಲಿ ಒಂದು ಪಾಲು! ದುಡ್ಡು, ಮೈಲೇಜ್, ಸಮಯ ಇವುಗಳಲ್ಲಿ ಒಂದನ್ನು ಬಿಟ್ಟುಕೊಡಬೇಕಿತ್ತು. ಅವರು ಬಿಟ್ಟದ್ದು ಸತ್ಯವನ್ನು. ಸ್ಟೀರಿಂಗ್ ತಿರುಗ್ತಾ ಇದೆಯಾ, ವೇಗ ಹೇಗಿದೆ ಅಂತ ನೋಡಿ, ಇದು ಲ್ಯಾಬ್ ಪರೀಕ್ಷೆ ಅಂತ ಗುರುತಿಸಿ, ಆಗ ಮಾತ್ರ ಹೊಗೆ ಶುದ್ಧ ಮಾಡೋ ಕೋಡ್ ಬರೆದರು. ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ಅಂತ ಅಮೆರಿಕದ ಪರಿಸರ ಸಂಸ್ಥೆ ಹೇಳಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು.

ಹಿಡಿದವರು ಯಾರು? ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಡಿಕ್ಕಿಯಲ್ಲಿ ಅಳತೆ ಯಂತ್ರ ಇಟ್ಟುಕೊಂಡು ನಿಜವಾದ ರಸ್ತೆಯಲ್ಲಿ ಕಾರು ಓಡಿಸಿದ್ದಷ್ಟೇ ಅವರ ಉಪಾಯ. ಅದರಲ್ಲಿದ್ದ ವಿದ್ಯಾರ್ಥಿಗಳಲ್ಲಿ ಇಬ್ಬರು ಭಾರತದವರು, ಒಬ್ಬ ಸ್ವಿಟ್ಜರ್‌ಲೆಂಡಿನವನು. ಯಾವ ದೇಶದ ಮಾನ ಕಳೆಯೋಕೂ ಅವರು ಹೊರಟಿರಲಿಲ್ಲ, ಅಂಕಿ ಹೊಂದುತ್ತಿಲ್ಲ ಯಾಕೆ ಅಂತ ಕೇಳಿದರು, ಅಷ್ಟೇ. ನನಗೆ ಅನ್ನಿಸೋದು ಇದು: 'ಜರ್ಮನ್ ಇಂಜಿನಿಯರಿಂಗ್' ಅನ್ನೋ ಬಾವುಟ ಅಷ್ಟು ಎತ್ತರಕ್ಕೆ ಹಾರದಿದ್ದರೆ ಆ ಪ್ರಶ್ನೆಯನ್ನು ಯುರೋಪಿನಲ್ಲೇ ಯಾರಾದರೂ ಮೊದಲೇ ಗಟ್ಟಿಯಾಗಿ ಕೇಳ್ತಿದ್ದರು. 2017ರಲ್ಲಿ ಅಮೆರಿಕದ ಕೋರ್ಟು ಆ ಕಂಪನಿಯ ಒಬ್ಬ ಇಂಜಿನಿಯರಿಗೆ 40 ತಿಂಗಳು ಜೈಲು ವಿಧಿಸಿತು. ಮಂತ್ರಿಗಲ್ಲ, ಜಾಹೀರಾತು ಬರೆದವನಿಗಲ್ಲ, ಇಂಜಿನಿಯರಿಗೆ. ಮರ್ಸಿಡೀಸ್, ಬಾಷ್, ಜನರಲ್ ಮೋಟರ್ಸ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ತಾಂತ್ರಿಕ ಕೇಂದ್ರಗಳಿವೆ. ಇದನ್ನು ಓದ್ತಾ ಇರೋರಲ್ಲಿ ಕೆಲವರು ಎರಡು ವರ್ಷದಲ್ಲಿ ಅಂಥ ಕುರ್ಚಿಯಲ್ಲೇ ಕೂತಿರ್ತಾರೆ.

2025ರಲ್ಲಿ ಈ ಪೈಪೋಟಿ ಮತ್ತೆ ಸುಂಕಕ್ಕೆ ಬಂತು. ಏಪ್ರಿಲ್‌ನಲ್ಲಿ ಟ್ರಂಪ್ ಹೊರದೇಶದ ಕಾರಿಗೆ 25 ಶೇಕಡಾ ಹೆಚ್ಚುವರಿ ಸುಂಕ ಹಾಕಿದರು, ಆಮೇಲೆ ಯುರೋಪಿನ ಜೊತೆ 15ಕ್ಕೆ ಒಪ್ಪಂದ ಆಯಿತು. ಆದರೆ ಬಿಎಂಡಬ್ಲ್ಯೂ ಎಕ್ಸ್5 ತಯಾರಾಗೋದು ಅಮೆರಿಕದ ಸ್ಪಾರ್ಟನ್‌ಬರ್ಗ್‌ನಲ್ಲಿ, ಅಲ್ಲಿಂದಲೇ ಹಡಗು ಹತ್ತಿ ಬೇರೆ ದೇಶಗಳಿಗೆ ಹೋಗುತ್ತೆ. ಟೆಸ್ಲಾ 2022ರಿಂದ ಬರ್ಲಿನ್ ಪಕ್ಕದಲ್ಲಿ ಕಾರು ಮಾಡುತ್ತೆ. ಯಾರ ಕಾರಿಗೆ ಯಾರ ಸುಂಕ?

ನಮ್ಮ ದೇಶಾನೂ ಈ ಆಟದಿಂದ ಹೊರಗಿಲ್ಲ. ನಾಲ್ಕು ಮೀಟರಿನೊಳಗಿನ ಸಣ್ಣ ಇಂಜಿನ್ ಕಾರಿಗೆ ಕಡಿಮೆ ತೆರಿಗೆ ಅಂತ 2006ರಲ್ಲಿ ಬಂದ ನಿಯಮದಿಂದಲೇ, ಡಿಕ್ಕಿಯನ್ನು ಕತ್ತಿಯಲ್ಲಿ ಕೊಯ್ದ ಹಾಗಿರೋ ಸೆಡಾನ್‌ಗಳು ನಮ್ಮ ರಸ್ತೆ ತುಂಬಿದವು. ಆ ಮಿತಿಯೊಳಗೆ ಕೂರಿಸಿದ ಇನ್ನೊಂದು ಗಾಡಿ ಫೋರ್ಡ್ ಇಕೋಸ್ಪೋರ್ಟ್: ಕಂಪನಿ ಅಮೆರಿಕದ್ದು, ಡಿಸೈನ್ ಆದದ್ದು ಬ್ರೆಜಿಲ್‌ನಲ್ಲಿ, ತಯಾರಾದದ್ದು ಚೆನ್ನೈನಲ್ಲಿ. 2018ರಿಂದ ಅಮೆರಿಕದ ಷೋರೂಮುಗಳಲ್ಲಿ ಮಾರಿದ ಇಕೋಸ್ಪೋರ್ಟ್‌ಗಳೂ ಚೆನ್ನೈಯಿಂದ ಹೋದವೇ. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಅಮೆರಿಕದ ಇಕೋಸ್ಪೋರ್ಟ್ ಮಾರಾಟವೂ ಅದರ ಜೊತೆಗೇ ಮುಗಿಯಿತು. ಮಸ್ಟಾಂಗ್ ಪಕ್ಷದವರು ಈ ಕಾರನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ತಾರೋ ಇಲ್ಲವೋ, ನಾಳೆ ಮೆಸ್‌ನಲ್ಲಿ ಕೇಳಿ ನೋಡಿ.