ಗಣತಿಗೆ ಸಿಗದ ಜನ: ಆಳಂದ, ಅಫಜಲಪುರ, ಜೇವರ್ಗಿಯ ಲೆಕ್ಕ

ಕಲಬುರಗಿ: ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ತಲೆ ಎಣಿಕೆ ನಡೆಯುವುದು ಅದರ ಹಿಂದಿನ ಫೆಬ್ರುವರಿಯಲ್ಲಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಮಟ್ಟಿಗೆ ಈ ತಿಂಗಳ ಆಯ್ಕೆಯೇ ಒಂದು ಸಮಸ್ಯೆ. ಆ ಹೊತ್ತಿಗೆ ಇಲ್ಲಿನ ಅನೇಕ ತಾಂಡಾ ಹಾಗೂ ಕೇರಿಗಳ ಮನೆಗಳಿಗೆ ಬೀಗ ಬಿದ್ದಿರುತ್ತದೆ.

ಮೂರೂ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಆಳಂದದ ಗಡಿಯಾಚೆಗೆ ಮಹಾರಾಷ್ಟ್ರದ ಅಕ್ಕಲಕೋಟೆ ಮತ್ತು ಉಮರ್ಗಾ ಇವೆ. ಅಫಜಲಪುರ ಮತ್ತು ಜೇವರ್ಗಿಯ ಮೂಲಕ ಭೀಮಾ ನದಿ ಹರಿಯುತ್ತದೆ. ಆಳಂದದ ಅಮರ್ಜಾ ನದಿ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಅಲ್ಲಿನ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಎಲ್ಲ ಸಮುದಾಯಗಳಿಂದಲೂ ಭಕ್ತರು ಬರುತ್ತಾರೆ. ಲಿಂಗಾಯತರು, ಪರಿಶಿಷ್ಟ ಜಾತಿಗಳವರು, ಕೋಲಿ-ಕಬ್ಬಲಿಗರು, ಕುರುಬರು, ಮುಸ್ಲಿಮರು ಹಾಗೂ ಬಂಜಾರರು ಇಲ್ಲಿನ ಪ್ರಮುಖ ಸಮುದಾಯಗಳು. ಕನ್ನಡದ ಜತೆಗೆ ದಖನಿ ಉರ್ದು, ಲಂಬಾಣಿ ಹಾಗೂ ಮರಾಠಿ ಬಳಕೆಯಲ್ಲಿವೆ.

ನದಿ ಇದ್ದರೂ ನೀರಾವರಿ ಸೀಮಿತ. ಬಚಾವತ್ ನ್ಯಾಯಮಂಡಳಿಯು ಭೀಮಾ ಮುಖ್ಯ ನದಿಯಿಂದ ಕರ್ನಾಟಕದ ಬಳಕೆಗೆ 15 ಟಿಎಂಸಿ ಅಡಿ ಮಿತಿ ಹಾಕಿತು. ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟೆ ಇದೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಹರಿದು ಬಂದ ನೀರು ಭೀಮಾ ತೀರದ ಹಳ್ಳಿಗಳನ್ನು ಮುಳುಗಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಪ್ರವಾಹ ಬಂತು. ಉಳಿದ ವಿಶಾಲ ಎರೆಭೂಮಿ ಮಳೆಯನ್ನೇ ನಂಬಿದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿ ಮುಂಗಾರಿನಲ್ಲಿ ಬಿತ್ತನೆಯಾಗಿ, ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುತ್ತದೆ. ರಾಶಿ ಮುಗಿದರೆ ಕೂಲಿಯೂ ಮುಗಿದಂತೆ.

ಆಗ ಆರಂಭವಾಗುವುದೇ ಗುಳೆ. ಕಬ್ಬು ಕಡಿಯುವವರು ದೀಪಾವಳಿಯ ಆಸುಪಾಸಿನಲ್ಲೇ ಹೊರಡುತ್ತಾರೆ. ತೊಗರಿ ರಾಶಿ ಮುಗಿಸಿದವರು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕಾಮಗಾರಿಗಳತ್ತ ಮುಖ ಮಾಡುತ್ತಾರೆ. ಮಕ್ಕಳೂ ಜತೆಗಿರುತ್ತಾರೆ. ಕೆಲವರು ಯುಗಾದಿಗೆ ಮರಳಿದರೆ, ಉಳಿದವರು ಮುಂಗಾರು ಬಿತ್ತನೆಗೆ ಬರುತ್ತಾರೆ.

ಜನಗಣತಿಯ ನಿಯಮ ಈ ಚಲನೆಗೆ ಹೊಂದುವುದಿಲ್ಲ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಇಡೀ ಅವಧಿಯಲ್ಲಿ ಊರಿನಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ; ಅವರು ಇದ್ದಲ್ಲಿಯೇ ಎಣಿಕೆಯಾಗಬೇಕಿತ್ತು. ಅಮೆರಿಕದ ಜನಗಣತಿ ಕ್ರಮ ಬೇರೆ. ವರ್ಷದ ಹೆಚ್ಚು ದಿನ ಎಲ್ಲಿ ವಾಸಿಸುವರೋ ಅಲ್ಲಿಯವರೆಂದೇ ಅದು ಜನರನ್ನು ಲೆಕ್ಕ ಹಾಕುತ್ತದೆ. ಆ ಮಾನದಂಡ ಇಲ್ಲಿದ್ದಿದ್ದರೆ ನಾಲ್ಕೈದು ತಿಂಗಳು ಹೊರಗಿರುವ ಆಳಂದದ ಕುಟುಂಬ ಆಳಂದದ್ದಾಗಿಯೇ ಉಳಿಯುತ್ತಿತ್ತು.

ಬಂಜಾರರ ಮಟ್ಟಿಗೆ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿದೆ. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬಂಜಾರರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಣತಿಯಲ್ಲಿ ಅನ್ವಯವಾಗುವುದು ಎಣಿಕೆ ನಡೆದ ರಾಜ್ಯದ ಪಟ್ಟಿ. ಅಫಜಲಪುರದ ತಾಂಡಾದ ಕಾರ್ಮಿಕ ಫೆಬ್ರುವರಿಯಲ್ಲಿ ಪುಣೆಯಲ್ಲಿದ್ದರೆ, ಕಲಬುರಗಿಯ ಪರಿಶಿಷ್ಟ ಜಾತಿ ಸಂಖ್ಯೆಯಿಂದ ಒಬ್ಬ ಕಡಿಮೆಯಾಗುತ್ತಾನೆ. ಪುಣೆಯ ಪರಿಶಿಷ್ಟ ಜಾತಿ ಸಂಖ್ಯೆಗೂ ಆತ ಸೇರುವುದಿಲ್ಲ.

ಇದು ಕೇವಲ ಅಂಕಿಗಳ ಆಟವಲ್ಲ. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 25,66,326. ಅದರಲ್ಲಿ ಪರಿಶಿಷ್ಟ ಜಾತಿಯವರು ಶೇ 25ಕ್ಕೂ ಹೆಚ್ಚು; ರಾಜ್ಯದ ಸರಾಸರಿ ಶೇ 17ರಷ್ಟು. ವಿಧಾನಸಭೆಯ ಮೀಸಲು ಕ್ಷೇತ್ರಗಳ ಸಂಖ್ಯೆ ಮತ್ತು ಸ್ಥಾನ ಈ ಪ್ರಮಾಣವನ್ನೇ ಅವಲಂಬಿಸಿವೆ. ಈಗ ಮೂರೂ ಕ್ಷೇತ್ರಗಳು ಸಾಮಾನ್ಯ. 2026ರ ನಂತರದ ಮೊದಲ ಜನಗಣತಿ ಕ್ಷೇತ್ರ ಪುನರ್ವಿಂಗಡಣೆಗೆ ಆಧಾರವಾಗಬೇಕಿದ್ದು, 2027ರ ಗಣತಿಯೇ ಅದು. ಪಡಿತರದ ವ್ಯಾಪ್ತಿಯಿಂದ ಹಿಡಿದು ಆರೋಗ್ಯ ಕೇಂದ್ರಗಳ ಮಂಜೂರಾತಿವರೆಗೆ ತಲೆ ಎಣಿಕೆಯೇ ಅಳತೆಗೋಲು.

ತಾಲ್ಲೂಕನ್ನೇ ಘಟಕವಾಗಿಸಿಕೊಂಡು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ನೀಡಿತು. ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಈ ಮೂರೂ ಸೇರಿದ್ದವು. ನಂತರ 371 (ಜೆ) ವಿಶೇಷ ಸ್ಥಾನಮಾನ ಬಂತು. 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ದೊರೆಯಿತು. ಆದರೂ ಗುಳೆ ನಿಂತಿಲ್ಲ. ಇದರ ಮೇಲೆ ಜೇವರ್ಗಿಯನ್ನು ವಿಭಜಿಸಿ ಯಡ್ರಾಮಿ ತಾಲ್ಲೂಕು ರಚಿಸಲಾಗಿದೆ. ಯಡ್ರಾಮಿಯನ್ನು ಕೂಡಿಸದೆ 2011ರ ಜೇವರ್ಗಿಯನ್ನು 2027ರ ಜೇವರ್ಗಿಯೊಂದಿಗೆ ಹೋಲಿಸಿದರೆ, ಜನಸಂಖ್ಯೆ ಕುಸಿದಂತೆ ತೋರುವುದು ಖಚಿತ. ಆ ಕುಸಿತದ ನೆರಳಿನಲ್ಲಿ ಗುಳೆಯಿಂದಾದ ನಿಜವಾದ ಕೊರತೆ ಮರೆಯಾಗುವ ಅಪಾಯವಿದೆ.

ಗಣತಿಯ ದಿನಾಂಕವನ್ನು ಒಂದು ಜಿಲ್ಲೆಗಾಗಿ ಬದಲಿಸಲಾಗದು. ಆದರೆ ಕೊರತೆಯನ್ನು ಅಳೆಯಲು ದಾರಿ ಇದೆ. ಗಣತಿಯ ಮೊದಲ ಹಂತವಾದ ಮನೆಪಟ್ಟಿ ಕಾರ್ಯಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ವರೆಗಿನ ಅವಧಿ ಗೊತ್ತುಪಡಿಸಲಾಗಿದೆ. ಯುಗಾದಿಯ ನಂತರದ ಈ ದಿನಗಳಲ್ಲಿ ಗುಳೆ ಹೋದವರು ಒಬ್ಬೊಬ್ಬರಾಗಿ ಮರಳುತ್ತಾರೆ. ಮನೆಪಟ್ಟಿಯಲ್ಲಿ ಪ್ರತಿ ಕುಟುಂಬದಲ್ಲಿ ಸಾಮಾನ್ಯವಾಗಿ ವಾಸಿಸುವವರ ಸಂಖ್ಯೆ ದಾಖಲಾಗುತ್ತದೆ. ಆ ಸಂಖ್ಯೆಗೂ ಫೆಬ್ರುವರಿಯ ಎಣಿಕೆಗೂ ನಡುವಿನ ಅಂತರವೇ ಹೆಚ್ಚುಕಡಿಮೆ ಗುಳೆಯ ಪ್ರಮಾಣ. ಗ್ರಾಮ ಪಂಚಾಯಿತಿಗಳು ಬೀಗ ಬಿದ್ದ ಮನೆಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ಲೆಕ್ಕ ಇನ್ನಷ್ಟು ನಿಖರವಾದೀತು.

ಪ್ರಾದೇಶಿಕ ಅಸಮತೋಲನದ ಮರು ಅಧ್ಯಯನಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ನೇತೃತ್ವದ ಸಮಿತಿ ರಚಿಸಿತು. ಇನ್ನು ಮುಂದೆ ತಾಲ್ಲೂಕುವಾರು ಅನುದಾನ ಹಂಚುವಾಗ ಊರಲ್ಲಿ ಸಿಕ್ಕವರ ಸಂಖ್ಯೆಯನ್ನಷ್ಟೇ ನೋಡಿದರೆ, ಅತಿ ಹೆಚ್ಚು ಜನ ಗುಳೆ ಹೋಗುವ ತಾಲ್ಲೂಕಿಗೇ ಕಡಿಮೆ ಪಾಲು ಬರುತ್ತದೆ. ಅದನ್ನು ತಪ್ಪಿಸುವ ಲೆಕ್ಕ ಸಿದ್ಧಪಡಿಸುವುದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ.